ಅಜ್ಜಿಯ ಕೆಳಗೆ ಕೂತವರು

ಕುಮಾಸಿ ಪಟ್ಟಣದ ಸುವಾಮೆ ಮ್ಯಾಗಜೀನ್ ಎಂಬ ಪೇಟೆಯಲ್ಲಿ ಓದುವಂಥದ್ದೇನೂ ಇಲ್ಲ. ಯಾವುದೋ ಕಾಲದಲ್ಲಿ ಮದ್ದುಗುಂಡು ಇಡುತ್ತಿದ್ದ ಜಾಗವಂತೆ, ಹೆಸರು ಹಾಗೇ ಉಳಿದುಕೊಂಡಿದೆ. ಈಗ ಅಲ್ಲಿರುವುದು ಸತ್ತ ಲಾರಿಗಳು, ಅವನ್ನು ಬದುಕಿಸಿಯೇ ತೀರುತ್ತೇವೆಂದು ಹಟ ಹಿಡಿದ ಸಾವಿರಾರು ಮೆಕ್ಯಾನಿಕ್ಕುಗಳು, ಎಣ್ಣೆ ಕುಡಿದು ಕಪ್ಪಾದ ನೆಲ. ಜನ ಒಳ್ಳೆಯವರೇ. ಆದರೆ "ನಾಳೆ ಬನ್ನಿ, ರೆಡಿ ಇರುತ್ತೆ" ಎಂಬ ಮಾತನ್ನು ಅವರು ಎಷ್ಟು ಸಲೀಸಾಗಿ ಆಡುತ್ತಾರೆಂದರೆ, ಅದನ್ನು ನಂಬಿ ಮಾರನೆಯ ದಿನ ಬಂದವನನ್ನು ಕಂಡು ಅವರಿಗೇ ಆಶ್ಚರ್ಯವಾಗುತ್ತದೆ.

ಆ ಮಾತು ಆಡದವರು ಆ ಗಲ್ಲಿಯಲ್ಲಿ ಒಬ್ಬರೇ ಇದ್ದರು. ಹೆಸರು ಯಾವ್ ಬೆದಿಯಾಕೊ, ಎಲ್ಲರ ಬಾಯಲ್ಲಿ ಮಾಸ್ಟರು. ಲಾರಿಯ ಬೆನ್ನ ಮೇಲೆ ತೋಳು ಮಡಚಿ ಕೂತು ಬರುವ ಕ್ರೇನುಗಳಿವೆಯಲ್ಲ, ಬಂದ ಕಡೆ ಕಾಲು ಊರಿ ನೀರಿನ ಟ್ಯಾಂಕೋ ಮರದ ದಿಮ್ಮಿಯೋ ಎತ್ತುವಂಥವು, ಅವುಗಳ ಸಿಲಿಂಡರ್ ರಿಪೇರಿ ಅವರ ಕಸುಬು. ಕೊಳವೆಯೊಳಗೆ ಎಣ್ಣೆ ನುಗ್ಗಿ ಪಿಸ್ಟನ್ನನ್ನು ತಳ್ಳುತ್ತದೆ, ಪಿಸ್ಟನ್ನು ರಾಡನ್ನು ತಳ್ಳುತ್ತದೆ, ರಾಡು ತೋಳನ್ನು ಎತ್ತುತ್ತದೆ. ಇಷ್ಟೇ ಸಂಗತಿ. ಈ ಇಷ್ಟರಲ್ಲೇ ಅವರು ನಲವತ್ತು ವರ್ಷ ಸವೆಸಿದ್ದರು.

"ಎತ್ತೋದು ದೊಡ್ಡದಲ್ಲ ಕಣೇ," ಎಂದು ತಂಗಿಯ ಮಗಳು ಫೊರಿವಾಗೆ ಅವರು ಮೊದಲ ದಿನವೇ ಹೇಳಿದ್ದರು. "ಎತ್ತಿದ್ದನ್ನ ಹಿಡ್ಕೊಂಡು ನಿಲ್ಲೋದು ದೊಡ್ಡದು. ಎಣ್ಣೆಗೆ ನಾಚಿಕೆ ಇಲ್ಲ. ಕೂದಲೆಳೆಯಷ್ಟು ಸಂದಿ ಸಿಕ್ರೆ ಸಾಕು, ನುಸುಳ್ಕೊಂಡು ಹೋಗುತ್ತೆ. ಆ ಸಂದಿ ಮುಚ್ಚೋದು ನಮ್ ಕೆಲಸ."

ಫೊರಿವಾ ಬಂದದ್ದು ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಹೊಲಿಗೆ ಕಲಿಯುವುದನ್ನು ಅರ್ಧಕ್ಕೆ ಬಿಟ್ಟು. ಮಾಸ್ಟರು ಹುಟ್ಟಿದ ಅಸಾಂಟೆ ಜನಾಂಗದವರದು ಅಳಿಯಸಂತಾನ. ಮಾವನ ಕಸುಬು, ಮಾವನ ಅಂಗಡಿ, ಮಾವನ ಮುಂಗೋಪ ಎಲ್ಲವೂ ಬರುವುದು ತಂಗಿಯ ಮಕ್ಕಳಿಗೆ. ಮಾಸ್ಟರಿಗೆ ಸ್ವಂತ ಮಕ್ಕಳು ನಾಲ್ವರಿದ್ದರೂ ಅವರು ತಮ್ಮ ತಾಯಿಯ ಮನೆತನದವರು. ತಂಗಿಗೆ ಇದ್ದವಳು ಇವಳೊಬ್ಬಳೇ. ಹೆಣ್ಣು ಹುಡುಗಿ ಸ್ಪ್ಯಾನರ್ ಹಿಡಿದದ್ದು ಕಂಡು ಗಲ್ಲಿ ಮೂರು ತಿಂಗಳು ನಕ್ಕಿತು. ಆಮೇಲೆ ನಗಲು ಬೇರೆ ಏನೋ ಸಿಕ್ಕಿತು, ಇವಳನ್ನು ಬಿಟ್ಟಿತು.

ಈ ಅಂಗಡಿಗೆ ಒಂದು ಪದ್ಧತಿಯಿತ್ತು. ಅದರ ಹಿಂದೆ ಒಂದು ಕಥೆ. ಮಾಸ್ಟರು ಕಸುಬು ಹಿಡಿದ ಎರಡನೆಯ ವರ್ಷ, ಅವರು ಸಂದಿ ಮುಚ್ಚುವ ರಬ್ಬರಿನ ಸೀಲು ಹಾಕಿಕೊಟ್ಟ ಒಂದು ಸಿಲಿಂಡರ್ ಬೆಕ್ವಾಯ್ ಊರಿನ ಕಡೆ ದಿಮ್ಮಿ ಎತ್ತುವಾಗ ಕೈಕೊಟ್ಟಿತು. ಕೆಳಗಿದ್ದ ಕೂಲಿಯವನ ಪಾದ ಜಜ್ಜಿಹೋಯಿತು. ಆ ಹೊತ್ತಿಗೆ ಮಾಸ್ಟರು ಅಂಗಡಿಯಲ್ಲಿ ಸುಟ್ಟ ಬಾಳೆಕಾಯಿ ತಿನ್ನುತ್ತ ಕೂತಿದ್ದರು. ಸುದ್ದಿ ತಿಳಿದು ಆಸ್ಪತ್ರೆಗೆ ಓಡಿದರು. ಆ ಮನುಷ್ಯ ಬೈಯಲಿಲ್ಲ, ಅಳಲಿಲ್ಲ. "ನೀವು ಅಲ್ಲಿರ್ಲಿಲ್ಲ ಅಲ್ವಾ," ಎಂದ, ಅಷ್ಟೇ. ಬೈದಿದ್ದರೆ ಮರೆತುಬಿಡಬಹುದಿತ್ತು.

ಅಂದಿನಿಂದ ಅವರು ರಿಪೇರಿ ಮಾಡಿದ ಯಾವ ಕ್ರೇನೂ ಪರೀಕ್ಷೆಯಿಲ್ಲದೆ ಗಲ್ಲಿ ದಾಟಲಿಲ್ಲ. ಅಂಗಡಿಯ ಮುಂದೆ ಹಳೆಯ ಬುಲ್ಡೋಜರಿನ ಎಂಜಿನ್ ಒಂದು ಬಿದ್ದಿತ್ತು, ಎರಡು ಟನ್ನಿಗೆ ಕಮ್ಮಿಯಿಲ್ಲ. ಎಲ್ಲರೂ ಅದನ್ನು 'ಅಜ್ಜಿ' ಎನ್ನುತ್ತಿದ್ದರು. ಕ್ರೇನು ಅಜ್ಜಿಯನ್ನು ಆಳೆತ್ತರಕ್ಕಿಂತ ಮೇಲೆ ಎತ್ತಬೇಕು. ಎಂಜಿನ್ ಆರಿಸಬೇಕು. ರಾಡು ಸಿಲಿಂಡರಿನಿಂದ ಹೊರಬರುವ ಅಂಚಿನಲ್ಲಿ ಸೀಮೆಸುಣ್ಣದ ಗೆರೆ ಎಳೆಯಬೇಕು; ರಾಡು ಜಾರಿದರೆ ಗೆರೆಯೂ ಜಾರುತ್ತದೆ. ಸೀಲು ಹಾಕಿದವನು ಅಜ್ಜಿಯ ಕೆಳಗೆ ಗಿಡ್ಡ ಪೀಠ ಹಾಕಿ ಕೂರಬೇಕು. ಕ್ರೇನಿನ ಒಡೆಯ ಎದುರಿಗೆ ಕೂತು, ಮಾಮೆ ಡುಫಿಯೆಯ ಹೋಟೆಲಿನಿಂದ ಬಂದ ಒಂದು ಬಟ್ಟಲು ಫುಫು ಮುದ್ದೆಯನ್ನು ಸಾರಿನ ಕೊನೆಯ ಹನಿಯವರೆಗೂ ಮುಗಿಸಬೇಕು, ಅದೂ ಆತುರಪಡದೆ. ಬಟ್ಟಲು ಬರಿದಾಗಿ, ಗೆರೆ ಇದ್ದಲ್ಲೇ ಇದ್ದರೆ ಕ್ರೇನು ಪಾಸು. ಬಟ್ಟಲು ಬರಿದಾಗುವ ಮುನ್ನ ಮಾಸ್ಟರು ಪೀಠದಿಂದ ಎದ್ದದ್ದನ್ನು ಗಲ್ಲಿ ಒಮ್ಮೆಯೂ ಕಂಡಿರಲಿಲ್ಲ.

ಎರಡು ವರ್ಷದ ಹಿಂದೆ ಅವರ ಕಣ್ಣು ಕೆಟ್ಟಿತು. ಎಡಗಣ್ಣು ಪೂರ್ತಿ ಹೋಗಿದೆ, ಬಲಗಣ್ಣಿನಲ್ಲಿ ಉಳಿದದ್ದನ್ನು ಔಷಧಿ ಹನಿ ಹಾಕಿಕೊಂಡು ಕಾಪಾಡಿಕೊಳ್ಳಿ ಎಂದರು ಡಾಕ್ಟರು. ಮಾಸ್ಟರು ಈ ಸಂಗತಿಯನ್ನು ಯಾರಿಗೂ ಹೇಳಲಿಲ್ಲ, ಫೊರಿವಾಗೂ ಹೇಳಲಿಲ್ಲ. ಅವಳು ಆಸ್ಪತ್ರೆಯ ಚೀಟಿ ನೋಡಿ ತಿಳಿದುಕೊಂಡಳು, ತಿಳಿದದ್ದನ್ನು ಅವಳೂ ಹೇಳಲಿಲ್ಲ. ಅಂದಿನಿಂದ ಅಂಗಡಿಯೊಳಗೆ ತಗಡಿನ ತಡಿಕೆಯ ಹಿಂದೆ ಕೂತು ಅವಳು ಸೀಲು ಹಾಕುತ್ತಿದ್ದಳು, ಮುಂದಿನ ಬೆಂಚಿನಲ್ಲಿ ಕೂತು ಅವರು ಗಿರಾಕಿಗಳ ಜೊತೆ ಮಾತಾಡುತ್ತಿದ್ದರು. ಮಾಸ್ಟರ ಕೈಗುಣ ಇನ್ನೂ ಹಾಗೇ ಇದೆ ಎಂದು ಜನ ಹೊಗಳಿದರೆ ಇಬ್ಬರೂ ಸುಮ್ಮನಿರುತ್ತಿದ್ದರು.

ಅಜ್ಜಿಯ ಕೆಳಗೆ ಮಾತ್ರ ಅವರೇ ಕೂರುತ್ತಿದ್ದರು. "ಸೀಲು ಹಾಕಿದೋಳು ನಾನು, ನಾನು ಕೂರ್ತೀನಿ," ಎಂದರೆ, "ಅಂಗಡಿ ನಂದು, ತಲೆಯೂ ನಂದೇ," ಎನ್ನುತ್ತಿದ್ದರು. ಅವಳು ಹೊರಗೆ ನಿಂತು ಸೀಮೆಸುಣ್ಣದ ಗೆರೆ ನೋಡುತ್ತಿದ್ದಳು. ಮೊದಲು ಅವರ ಕೆಲಸದ ಕೆಳಗೆ ಅವರು ಕೂತದ್ದನ್ನು ನೋಡಿದಳು, ಆಮೇಲೆ ತನ್ನ ಕೆಲಸದ ಕೆಳಗೆ ಅವರು ಕೂತದ್ದನ್ನು. ಎರಡನೆಯದರಲ್ಲಿ ಅವಳಿಗೆ ಬೆವರು ಜಾಸ್ತಿ.

ಹೀಗಿರುವಾಗ ಒಂದು ಮಂಗಳವಾರ ಬೆಳಿಗ್ಗೆ ಟ್ವುಮ್ ಬಂದ. ಊರೂರಿಗೆ ನೀರಿನ ಟ್ಯಾಂಕು ಸಾಗಿಸುವವನು, ದೊಡ್ಡ ಹೊಟ್ಟೆ, ದೊಡ್ಡ ಗಂಟಲು, ಹಳೆಯ ಗಿರಾಕಿ.

"ಮಾಸ್ಟರ್, ನನ್ ಕ್ರೇನು ಸೋಮಾರಿ ಆಗಿದೆ. ಮೊನ್ನೆ ಟ್ಯಾಂಕು ಎತ್ತಿ ನಿಲ್ಸಿ ಫೋನಲ್ಲಿ ಮಾತಾಡಿ ತಿರುಗಿ ನೋಡ್ತೀನಿ, ಟ್ಯಾಂಕು ಮೆಲ್ಲಗೆ ಕೆಳಗೆ ಬಂದು ಕೂತಿದೆ! ಎತ್ತಿದೋನು ನಾನು, ಇಳ್ಸಿದೋನು ಯಾರು?"

"ಪಿಸ್ಟನ್ ಸೀಲು ಹೋಗಿದೆ. ಇವತ್ತೇ ಆಗುತ್ತೆ."

ಟ್ವುಮ್ ದನಿ ತಗ್ಗಿಸಿದ. ಅವನು ದನಿ ತಗ್ಗಿಸಿದರೆ ನಾಲ್ಕು ಅಂಗಡಿಗೆ ಮಾತ್ರ ಕೇಳಿಸುತ್ತದೆ. "ಬೇಜಾರ್ ಮಾಡ್ಕೋಬೇಡಿ. ಜನ ಏನೇನೋ ಅಂತಾರೆ. ನೀವು ಈಗ ಕೈಯೇ ಹಾಕಲ್ವಂತೆ, ಎಲ್ಲ ಆ ಹುಡುಗೀನೇ ಮಾಡ್ತಾಳಂತೆ. ಹೋದ್ಸಲ ನೀವು ಮಾಡಿದ್ದು ಎಷ್ಟು ಚೆನ್ನಾಗಿ ನಿಂತಿತ್ತು! ಈ ಸಲಾನೂ ನಿಮ್ ಕೈಯೇ ಬೀಳ್ಬೇಕು."

ಹೋದ ಸಲದ್ದು ಫೊರಿವಾಳ ಕೈಕೆಲಸ. ತಡಿಕೆಯ ಹಿಂದೆ ಅವಳಿಗೆ ನಗು ಬಂತು, ನಗುವಿನ ಹಿಂದೆಯೇ ಸಿಟ್ಟು. ಮೂವತ್ತೊಂಬತ್ತು ವರ್ಷದವಳನ್ನು ಹುಡುಗಿ ಎನ್ನುತ್ತಾನೆ ಬೇರೆ.

ಮಾಸ್ಟರು ಸ್ಪ್ಯಾನರ್ ತರಿಸಿದರು. ಸಿಲಿಂಡರ್ ಬಿಚ್ಚಿ ಒಳಗೆ ತಂದ ಮೇಲೆ ಹೇಳಿದರು: "ಫೊರಿವಾ, ಹೋಗಿ ಎಣ್ಣೆ ತಗೊಂಡ್ ಬಾ."

"ಅರ್ಧ ಡಬ್ಬ ಇದೆಯಲ್ಲ ಮಾವ."

"ಅರ್ಧ ಸಾಲಲ್ಲ. ಹೋಗು."

ಎಣ್ಣೆ ಸಾಕಾಗುತ್ತಿತ್ತು. ಇದು ಇಬ್ಬರಿಗೂ ಗೊತ್ತಿತ್ತು. ಅವಳು ಹೋದಳು, ಯಾಕೆಂದರೆ ತಾವೇ ಸೀಲು ಹಾಕಬೇಕೆಂದು ಅವರ ಮುಖದಲ್ಲಿ ಇದ್ದ ಆಸೆಯನ್ನು ನೋಡಿ ಇಲ್ಲವೆನ್ನಲು ಅವಳಿಗೆ ಬಾಯಿ ಬರಲಿಲ್ಲ. ಆ ಹೊತ್ತಿನಲ್ಲಿ ಬಾಯಿ ಬರಬೇಕಿತ್ತು ಎಂದು ಅವಳೇ ಆಮೇಲೆ ನೂರು ಸಲ ಅಂದುಕೊಂಡಳು.

ಎಣ್ಣೆ ಅಂಗಡಿಯಲ್ಲಿ ಸಾಲು ಉದ್ದವಿತ್ತು. ಅವಳು ವಾಪಸು ಬರುವಾಗ ಸಿಲಿಂಡರ್ ಮುಚ್ಚಿ, ದೊಡ್ಡ ನಟ್ಟು ಬಿಗಿದು ಆಗಿತ್ತು. ಮಾಸ್ಟರು ಬಟ್ಟೆಯಲ್ಲಿ ಬೆರಳು ಒಂದೊಂದಾಗಿ ಒರೆಸಿಕೊಳ್ಳುತ್ತಿದ್ದರು. ಅಷ್ಟು ಖುಷಿಯಾಗಿ ಅವರು ಕಂಡು ಎಷ್ಟೋ ದಿನವಾಗಿತ್ತು.

"ಏನ್ ಹಾಗೆ ನೋಡ್ತೀಯ? ಮುಗೀತು. ಕೂರ್ಸು ಅದನ್ನ."

ಸರಪಳಿ ರಾಟೆಯಿಂದ ಎತ್ತಿ ಸಿಲಿಂಡರನ್ನು ಕ್ರೇನಿಗೆ ಕೂರಿಸಿದರು. ಒಳಗಿನ ಗಾಳಿ ಹೋಗಲೆಂದು ತೋಳನ್ನು ಬರಿದೇ ಮೂರು ಸಲ ಎತ್ತಿ ಇಳಿಸಿದರು. ಆಮೇಲೆ ಅಜ್ಜಿ ಮೇಲೇರಿದಳು. ಟ್ವುಮ್ ಎಂಜಿನ್ ಆರಿಸಿದ, ಫೊರಿವಾ ಗೆರೆ ಎಳೆದಳು. ಮಾಸ್ಟರು ಪೀಠ ಹಾಕಿಕೊಂಡು ಕೆಳಗೆ ಕೂತರು. ಟ್ವುಮ್ ಕೈ ತೊಳೆದು ಲಾರಿಯ ಮೆಟ್ಟಿಲ ಮೇಲೆ ಕೂತು, ಆಡಿನ ಮಾಂಸದ ಸಾರಿನಲ್ಲಿ ಮೊದಲ ತುತ್ತು ಅದ್ದಿದ. ಅವನು ಊಟದಲ್ಲಿ ನಿಧಾನ. ಇಡೀ ಗಲ್ಲಿಗೆ ಗೊತ್ತು.

ಬೆಂಚು ಒಪ್ಪ ಮಾಡೋಣವೆಂದು ಫೊರಿವಾ ಒಳಗೆ ಹೋಗಿ ಒರೆಸುವ ಬಟ್ಟೆ ಕೊಡವಿದಳು. ಬಟ್ಟೆಯಿಂದ ಬಿಳಿ ಉಂಗುರ ಒಂದು ಕೆಳಗೆ ಬಿತ್ತು.

ಪಿಸ್ಟನ್ನಿನ ಸುತ್ತ ರಬ್ಬರಿನ ಸೀಲು, ಅದರ ಎರಡೂ ಪಕ್ಕಕ್ಕೆ ಆಸರೆಯಾಗಿ ಇಂಥ ಒಂದೊಂದು ಗಟ್ಟಿ ಉಂಗುರ. ಆಸರೆ ಇಲ್ಲದಿದ್ದರೆ ಭಾರ ಬಿದ್ದಾಗ ರಬ್ಬರು ಸಂದಿಯೊಳಕ್ಕೆ ಹಿಂಡಿಕೊಂಡು ಹೋಗಿ ಹರಿಯುತ್ತದೆ. ಎರಡು ನಿಮಿಷಕ್ಕೋ, ಹತ್ತು ನಿಮಿಷಕ್ಕೋ, ಒಂದು ತಿಂಗಳಿಗೋ ಹೇಳಲು ಬರುವುದಿಲ್ಲ. ಆದರೆ ಇದು ಹೆಚ್ಚಿನದೂ ಇರಬಹುದು. ಅಲ್ಲಿ ಸೀಲುಗಳು ಡಬ್ಬದಲ್ಲಿ ಬರುವುದಿಲ್ಲ; ಅಂಗಡಿಯವನು ಬಿಡಿಬಿಡಿಯಾಗಿ ಬಾಚಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಡುತ್ತಾನೆ, ಒಮ್ಮೆ ಒಂದು ಜಾಸ್ತಿ, ಒಮ್ಮೆ ಒಂದು ಕಡಿಮೆ. ಬಿಚ್ಚಿ ಎಣಿಸುವವಳು ಫೊರಿವಾ. ಈ ಸಲ ಅವಳು ಎಣಿಸಿರಲಿಲ್ಲ.

ಅವಳು ಉಂಗುರ ಎತ್ತಿಕೊಂಡಳು. ಕೂಗಿದರೆ ಇಡೀ ಗಲ್ಲಿಯ ಮುಂದೆ ಮಾಸ್ಟರ ಕಣ್ಣು ಹೋಗಿದೆಯೆಂದು ಡಂಗುರ ಸಾರಿದಂತೆ. ಕೂಗದಿದ್ದರೆ ಎರಡು ಟನ್ ಕಬ್ಬಿಣ, ಅದರ ಕೆಳಗೆ ಎಪ್ಪತ್ತೊಂದು ವರ್ಷದ ತಲೆ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಯಿತು. ಅವಳು ಹೊರಗೆ ಓಡಿ ಬಂದಳು.

"ಮಾವ, ಒಂದ್ನಿಮಿಷ ಬನ್ನಿ. ಅಮ್ಮ ಫೋನ್ ಮಾಡಿದ್ದಾಳೆ."

"ನಿಮ್ಮಮ್ಮನಿಗೆ ಹೇಳು, ನಾನೀಗ ಅಜ್ಜಿ ಜೊತೆ ಇದ್ದೀನಿ, ತಂಗಿ ಆಮೇಲೆ ಅಂತ."

ನೋಡುತ್ತ ನಿಂತವರು ಗೊಳ್ಳೆಂದು ನಕ್ಕರು. ಟ್ವುಮ್ ನಗುತ್ತಲೇ ಮೂಳೆ ಚೀಪಿದ. ಬಟ್ಟಲಿನಲ್ಲಿ ಮುಕ್ಕಾಲು ಹಾಗೇ ಇತ್ತು.

ಫೊರಿವಾ ಗೆರೆ ನೋಡಿದಳು. ಇದ್ದಲ್ಲೇ ಇತ್ತು. ಮಾಸ್ಟರ ನರೆತ ತಲೆ ನೋಡಿದಳು. ಆಮೇಲೆ ಖಾಲಿ ಗ್ರೀಸ್ ಡಬ್ಬ ಒಂದನ್ನು ಎತ್ತಿಕೊಂಡು ಸೀದಾ ಅಜ್ಜಿಯ ಕೆಳಗೆ ಹೋಗಿ, ಮಗುಚಿ ಹಾಕಿ, ಅವರ ಪಕ್ಕದಲ್ಲಿ ಕೂತಳು. ನಗು ನಿಂತಿತು.

"ಏನಿದು ಹುಡುಗಾಟ?" ಎಂದರು ಮಾಸ್ಟರು.

ಅವಳು ಯಾರಿಗೂ ಕಾಣದಂತೆ ಉಂಗುರವನ್ನು ಅವರ ಅಂಗೈಯಲ್ಲಿಟ್ಟಳು. ಅವರ ಹೆಬ್ಬೆರಳು ಅದರ ಮೇಲೆ ಒಂದು ಸುತ್ತು ಬಂತು. ಕಣ್ಣು ಬೇಕಾಗಲಿಲ್ಲ.

"ಎಲ್ಲಿತ್ತು?"

"ಬಟ್ಟೆಯೊಳಗೆ."

"ಹೆಚ್ಚಿಂದು ಇರ್ಬೇಕು. ನಾನು ಎರಡೂ ಹಾಕಿದ್ದೀನಿ."

"ಎಣಿಸಿದ್ರಾ?"

ಅವರು ಉಂಗುರವನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡರು. "ಹಾಕಿದ್ದೀನಿ ಅಂದ್ನಲ್ಲ."

"ಹಾಗಾದ್ರೆ ಸರಿ ಬಿಡಿ," ಎಂದು ಅವಳು ಮೊಣಕಾಲು ತಬ್ಬಿಕೊಂಡು ಕೂತಳು.

"ಎದ್ದು ಹೋಗೇ."

"ಯಾಕೆ? ಹಾಕಿದ್ದೀರಲ್ಲ."

"ಫೊರಿವಾ."

"ನೀವು ಕೂತಿರೋ ಜಾಗದಲ್ಲಿ ನಾನ್ಯಾಕೆ ಕೂರ್ಬಾರ್ದು ಮಾವ? ಹೇಳಿ. ಹೇಳಿದ್ರೆ ಎದ್ದು ಹೋಗ್ತೀನಿ."

ಮೇಲೆ ಕೊಕ್ಕೆ ಸಣ್ಣಗೆ ಕಿರ್ರೆಂದಿತು. ಗಾಳಿಗಿರಬಹುದು, ಭಾರಕ್ಕಿರಬಹುದು. ಫೊರಿವಾಗೆ ಹೆದರಿಕೆಯಾಯಿತು, ಆದರೂ ಏಳಲಿಲ್ಲ. ಮಾಸ್ಟರ ಕೈ ಅವಳ ಮೊಣಕೈ ಮೇಲೆ ಬಂದು ಬಿಗಿಯಿತು. ತಮ್ಮ ತಲೆಯಾದರೆ ಅವರು ಪಣಕ್ಕಿಟ್ಟುಬಿಡುತ್ತಿದ್ದರು, ತಂಗಿಯ ಒಬ್ಬಳೇ ಮಗಳ ತಲೆ ಅವರದಾಗಿರಲಿಲ್ಲ.

"ಟ್ವುಮ್," ಎಂದು ಅವರು ಕೂಗಿದರು, "ಬಟ್ಟಲು ಕೆಳಗಿಡು. ನಾವು ಹೊರಗೆ ಬರ್ತೀವಿ. ಇಳ್ಸು."

ಗಲ್ಲಿಯಲ್ಲಿ ಸುತ್ತಿಗೆಯ ಸದ್ದು ಕೂಡ ನಿಂತಿತು. ಮಾಸ್ಟರು ಅವಳನ್ನು ಮುಂದೆ ದೂಡಿಕೊಂಡು ಹೊರಗೆ ಬಂದರು. ಟ್ವುಮ್ ಎಂಜಿನ್ ಹಾಕಿ ಅಜ್ಜಿಯನ್ನು ನೆಲಕ್ಕಿಳಿಸಿದ. ಅವನ ಬಾಯಲ್ಲಿದ್ದ ತುತ್ತು ಬಾಯಲ್ಲೇ ಇತ್ತು.

ಸಿಲಿಂಡರನ್ನು ಮತ್ತೆ ಕಳಚಿದರು. ತಡಿಕೆಯ ಹಿಂದೆ ಬೇಡ, ಮುಂದಿನ ಬೆಂಚಿನ ಮೇಲೆಯೇ ಬಿಚ್ಚೋಣ ಎಂದರು ಮಾಸ್ಟರು. ಮೆಕ್ಯಾನಿಕ್ಕುಗಳು ಕೆಲಸ ಬಿಟ್ಟು ಸುತ್ತ ನಿಂತರು. ಮಾಮೆ ಡುಫಿಯೆ ಸೌಟು ಹಿಡಿದೇ ಬಂದಳು. ನಟ್ಟು ಸಡಿಲಿಸಿ ಫೊರಿವಾ ರಾಡನ್ನು ಎಳೆದಳು. ಎಣ್ಣೆ ಸುರಿಯುತ್ತ ಪಿಸ್ಟನ್ನು ಹೊರಗೆ ಬಂತು.

ಸೀಲು ಸರಿಯಾಗಿ ಕೂತಿತ್ತು. ಆಚೆ ಒಂದು ಬಿಳಿ ಉಂಗುರ, ಈಚೆ ಒಂದು ಬಿಳಿ ಉಂಗುರ. ಎಲ್ಲೂ ಒಂದು ಗೀರಿಲ್ಲ.

"ಮಾಸ್ಟರ ಕೈ ಅಂದ್ರೆ ಮಾಸ್ಟರ ಕೈ!" ಎಂದು ಟ್ವುಮ್ ತೊಡೆ ತಟ್ಟಿದ. "ನೋಡಿದ್ರಾ? ಈ ಹುಡುಗಿ ಮಾತು ಕೇಳಿ ಎದ್ದು ಬಂದ್ರಲ್ಲ ನೀವು. ನನ್ ಮುದ್ದೆ ಆರಿಹೋಯ್ತು."

ಗಲ್ಲಿಯವರು ಚಪ್ಪಾಳೆ ಹೊಡೆದರು. ಫೊರಿವಾಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಅಷ್ಟು ವರ್ಷ ಎಂದೂ ಎದ್ದಿರದ ಮನುಷ್ಯನನ್ನು ಅವಳು ಎಬ್ಬಿಸಿದ್ದಳು, ಅದೂ ವಿನಾಕಾರಣ. ಅವಳು ತಲೆ ತಗ್ಗಿಸಿ ಎಣ್ಣೆ ಒರೆಸತೊಡಗಿದಳು.

"ಚಪ್ಪಾಳೆ ಸಾಕು ನಿಲ್ಸಿ," ಎಂದರು ಮಾಸ್ಟರು. ಅವರು ಪಿಸ್ಟನ್ನಿನ ಮೇಲೆ ಬೆರಳಾಡಿಸುತ್ತಿದ್ದರು. "ಕೈ ತಪ್ಪಿರ್ಲಿಲ್ಲ, ನಿಜ. ಆದ್ರೆ ಇವಳು ಬಂದು ಪಕ್ಕದಲ್ಲಿ ಕೂತಾಗ ನನಗೆ ಅದು ಗೊತ್ತಿರ್ಲಿಲ್ಲ. ಗೊತ್ತಿದ್ರೆ ಕೂತಿರಮ್ಮಾ ಅಂತಿದ್ದೆ. ಇಷ್ಟು ವರ್ಷ ನಾನು ಗೊತ್ತಿದ್ದು ಕೂತ್ಕೊಂಡಿದ್ದೆ. ಇವತ್ತು ದೇವರ ಮೇಲೆ ಭಾರ ಹಾಕಿ ಕೂತ್ಕೊಂಡೆ. ಅದು ಕಸುಬಲ್ಲ."

ಅವರು ಪಿಸ್ಟನ್ನನ್ನು ಫೊರಿವಾಳ ಕಡೆ ಸರಿಸಿದರು.

"ನನ್ ಕಣ್ಣು ಹೋಗಿ ಎರಡು ವರ್ಷ ಆಯ್ತು. ಈ ಅಂಗಡಿಯಿಂದ ಅವತ್ತಿನಿಂದ ಆಚೆ ಹೋದ ಪ್ರತಿ ಸಿಲಿಂಡರೂ ಇವಳ ಕೈಯಿಂದು. ಟ್ವುಮ್, ಹೋದ್ಸಲ ಚೆನ್ನಾಗಿ ನಿಂತಿತ್ತು ಅಂದ್ಯಲ್ಲ, ಅದೂ."

ಟ್ವುಮ್ ತನ್ನ ಕ್ರೇನನ್ನೊಮ್ಮೆ, ಫೊರಿವಾಳನ್ನೊಮ್ಮೆ ನೋಡಿದ.

"ಇದೇನ್ ದೊಡ್ಡ ಗುಟ್ಟಾ ಮಾಸ್ಟರ್?" ಎಂದಳು ಮಾಮೆ ಡುಫಿಯೆ. "ನೀವು ನನ್ ಸಾರಿನ ಬಟ್ಟಲು ಅಂತ ಗ್ರೀಸ್ ಡಬ್ಬಕ್ಕೆ ಮುದ್ದೆ ಅದ್ದಿದ ದಿನಾನೇ ನನಗೆ ಗೊತ್ತಾಯ್ತು. ಪಾಪ, ಮರ್ಯಾದಸ್ಥರು, ತಿಂದೂಬಿಟ್ರಿ."

ಈ ಸಲದ ನಗು ಬೇರೆ ಥರ ಇತ್ತು. ಮಾಸ್ಟರೂ ಸೇರಿಕೊಂಡರು, ನಗುತ್ತಲೇ ಕಣ್ಣೊರೆಸಿಕೊಂಡರು.

ಒಮ್ಮೆ ಎಳೆದು ತೆಗೆದ ಸೀಲನ್ನು ಮತ್ತೆ ಹಾಕಬಾರದು. ಫೊರಿವಾ ಹೊಸದು ತರಿಸಿ, ಎಲ್ಲರೆದುರು ಬೆಂಚಿನ ಮೇಲೆ ಹರಡಿ, ಒಂದೊಂದನ್ನೂ ಗಟ್ಟಿಯಾಗಿ ಎಣಿಸಿ ಹಾಕಿದಳು. ಅವಳ ಬೆರಳು ಸೀಲು ಹಾಕುವುದನ್ನು ಗಲ್ಲಿ ಅಂದು ಮೊದಲ ಸಲ ಕಂಡಿತು. ಟ್ವುಮ್ ಕೈಕಟ್ಟಿಕೊಂಡು ನಿಂತಿದ್ದ, ಹುಡುಗಿ ಎನ್ನುವ ಮಾತು ಮತ್ತೆ ಅವನ ಬಾಯಿಂದ ಬರಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಅಜ್ಜಿ ಮತ್ತೆ ಮೇಲೇರಿದಳು. ಡುಫಿಯೆ ಎರಡನೆಯ ಬಟ್ಟಲು ತಂದಿಟ್ಟಳು. ಮಾಸ್ಟರು ಪೀಠ ಹುಡುಕಿಕೊಂಡು ಹೊರಟರು. ಅಷ್ಟರಲ್ಲಿ ಫೊರಿವಾ ಅದರ ಮೇಲೆ ಕೂತಾಗಿತ್ತು.

"ಸೀಲು ಹಾಕಿದೋರು ಕೂರ್ಬೇಕು ಮಾವ. ನಿಯಮ ನಿಮ್ದೇ."

ಮಾಸ್ಟರು ಹೊರಗೆ ಬಂದು ಕ್ರೇನಿನ ಊರುಗಾಲು ಹಿಡಿದು ನಿಂತರು. ಅವರಿಗೆ ಕಾಣುತ್ತಿದ್ದುದು ಮೇಲೊಂದು ಕಪ್ಪು ಮಬ್ಬು, ಅದರ ಕೆಳಗೆ ಅವಳ ರವಿಕೆಯ ಹಳದಿ. ಎರಡರ ನಡುವಿನ ಅಂತರ ಎಷ್ಟೆಂದು ತಿಳಿಯುತ್ತಿರಲಿಲ್ಲ.

"ಡುಫಿಯೆ, ಗೆರೆ ನಿಂತಿದೆಯಾ?"

"ನಿಂತಿದೆ."

"ಈಗ?"

"ಅಯ್ಯೋ, ಈಗ ತಾನೇ ಹೇಳಿದ್ನಲ್ಲ. ನಿಂತಿದೆ."

ಟ್ವುಮ್ ಬೆರಳು ನೆಕ್ಕಿಕೊಂಡು ಇನ್ನೊಂದು ಸಣ್ಣ ತುತ್ತು ಮುರಿದ.

"ಬೇಗ ನುಂಗಯ್ಯಾ!" ಎಂದು ಮಾಸ್ಟರು ಗುಡುಗಿದರು.

"ಆತುರಪಡಬಾರ್ದು ಅಂತ ಹೇಳಿದೋರು ನೀವೇ ಮಾಸ್ಟರ್. ಅಲ್ದೆ ಇದು ಎರಡನೇ ಬಟ್ಟಲು."

ಮಾಸ್ಟರ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಅವರು ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸಿದರು, ಗೊಣಗಿದರು, ಕೊನೆಗೆ ತಡೆಯಲಾರದೆ ಹೇಳಿದರು: "ಹೊರಗೆ ನಿಲ್ಲೋದು ಇಷ್ಟು ಕಷ್ಟ ಅಂತ ನನಗೆ ಯಾರೂ ಹೇಳ್ಲೇ ಇಲ್ಲವಲ್ಲ!"

"ಹದಿನೆಂಟು ವರ್ಷ ನಿಂತಿದ್ದೆ ಮಾವ," ಎಂದಳು ಫೊರಿವಾ ಅಜ್ಜಿಯ ಕೆಳಗಿನಿಂದ. "ನೀವು ಕೇಳ್ಲೇ ಇಲ್ಲ."

ಟ್ವುಮ್ ಇಬ್ಬರ ಮುಖವನ್ನೂ ನೋಡಿದ. ಯಾರೂ ಹೇಳದೆಯೇ ತುತ್ತುಗಳನ್ನು ದೊಡ್ಡದು ಮಾಡಿದ.